ತಾತನ ಹಾಲಿನ ಲೆಕ್ಕದ ಪುಸ್ತಕದಲ್ಲಿ ‘ಏರ್ಪಲಾಸು’ ಅಂತ ಇದೆ, ಕೆಜಿಎಫ್ ಕಡೆಯವರು ಯಾರಾದ್ರೂ ಅರ್ಥ ಹೇಳ್ತೀರಾ?

ಪಾಲಾರ್ ದಂಡೆ (ಶನಿವಾರ, ರಾತ್ರಿ 9:12)

ಬೇತಮಂಗಲದ ಹತ್ತಿರ ಅಮ್ಮನ ತವರುಮನೆ ಬಿಚ್ಚಿಸ್ತಾ ಇದ್ದಾರೆ. ಅಟ್ಟದ ಮೇಲಿದ್ದ ತಗಡಿನ ಟ್ರಂಕಲ್ಲಿ ಕಂದಾಯದ ರಸೀದಿ, ಇಲಿ ತಿಂದ ಪಂಚಾಂಗಗಳ ಜೊತೆ ಒಂದು ಉದ್ದನೆಯ ಪುಸ್ತಕ ಸಿಕ್ತು. ಕೆಂಪು ಬಟ್ಟೆ ಹೊದಿಸಿದ ರಟ್ಟು. ತಾತ ಮೈನ್ಸಿಗೆ, ಅಂದ್ರೆ ಕೋಲಾರದ ಚಿನ್ನದ ಗಣಿ ಕಡೆಗೆ, ಹಾಲು ಹಾಕ್ತಿದ್ರು ಅಂತ ಗೊತ್ತಿತ್ತು, ಲೆಕ್ಕ ಬರೆದಿಡ್ತಿದ್ರು ಅಂತ ಗೊತ್ತಿರಲಿಲ್ಲ. 1955ರಿಂದ 1958ರವರೆಗೆ ಇದೆ.

ಅಕ್ಷರ ಕನ್ನಡದ್ದೋ ತೆಲುಗಿನದ್ದೋ ಅಂತ ಬೇಕಾದ್ರೆ ಪಂದ್ಯ ಕಟ್ಟಬಹುದು. ಒಂದೇ ಸಾಲಲ್ಲಿ ಎರಡೂ ಬರ್ತವೆ, ನಮ್ಮ ಕಡೆಯವರ ಮಾತಿನ ಹಾಗೇ. ಗಿರಾಕಿಗಳಿಗೆ ಹೆಸರಿಲ್ಲ, ಗುರುತು ಮಾತ್ರ. “ಮೂಲೆಮನೆ ಮೇಸ್ತ್ರಿ 1 ಅಚ್ಚೇರು.” “ಬಾವಿ ಪಕ್ಕ 1 ಪಾವು.” “ಬ್ಯಾಂಡು ಊದೋರು 1 ಪಾವು.” “ತಟ್ಟಿಮನೆ ಮುದುಕಿ ಅರೆಪಾವು, ದಿನ ಬಿಟ್ಟು ದಿನ.” ಪುಟದ ತಲೆಗೆ “ಚಾಂಪೇನು” ಅಂತ ಬರೆದು ಅಡಿಗೆರೆ ಹಾಕಿದಾರೆ. ಅದು ಚಾಂಪಿಯನ್ ರೀಫ್ ಗಣಿ ಇರಬೇಕು, ತಾತ ಕುಡಿಯೋರಲ್ಲ.

ತಟ್ಟಿಮನೆ ಅಂದ್ರೇನು? “ಬಟವಾಡೆ” ಅಂತ ತಿಂಗಳಿಗೊಮ್ಮೆ ಕೆಂಪು ಶಾಯಿಯಲ್ಲಿದೆ, ಅದು ಸಂಬಳದ ದಿನ ತಾನೇ? ಇನ್ನೊಂದು, 1956ರ ಏಪ್ರಿಲ್ ಕೊನೆಗೆ “ಬಾವಿ ಪಕ್ಕ” ಅನ್ನೋ ಮನೆಯ ಮುಂದೆ “ಏರ್ಪಲಾಸು” ಅಂತ ಬರೆದು ಸುತ್ತ ಗುಂಡಗೆ ಗೆರೆ ಎಳೆದಿದಾರೆ. ಏರೋಪ್ಲೇನಾ? ಅಮ್ಮನಿಗೂ ಗೊತ್ತಿಲ್ಲ.

ಕ್ಯಾಸಂಬಳ್ಳಿ ಹುಡುಗ (ಶನಿವಾರ, ರಾತ್ರಿ 9:40)

ಅಣ್ಣ, ಫೋಟೋ ಹಾಕಿ. ನಮ್ಮನೇಲೂ ಹಾಲು, ಹುಣಸೆಹಣ್ಣು, ಸೌದೆ ಎಲ್ಲಾ ಮೈನ್ಸಿಗೇ ಹೋಗ್ತಿತ್ತಂತೆ. ನಮ್ಮಜ್ಜಿ ಈಗ್ಲೂ ರಾಬರ್ಟ್‌ಸನ್‌ಪೇಟೆ ಅನ್ನಲ್ಲ, “ಪ್ಯಾಟೆ” ಅಂತಾಳೆ. ಕೋಲಾರ ಅವಳಿಗೆ ಪ್ಯಾಟೆ ಅಲ್ಲ, ಕೋರ್ಟು.

ಮಾಸ್ ಹುಡುಗ (ಶನಿವಾರ, ರಾತ್ರಿ 9:58)

ಗುರು, ಸಿನಿಮಾದಲ್ಲಿ ತೋರಿಸಿದ ಹಾಗೆ ಕೂಲಿಯೋರನ್ನ ಗೋಡೆ ಕಟ್ಟಿ ಒಳಗೆ ಕೂಡಿ ಹಾಕ್ತಿದ್ರಾ? ನಿಮ್ಮ ತಾತ ಹೆಂಗೆ ಒಳಗೆ ಹೋದ್ರು?

ಕ್ಯಾಸಂಬಳ್ಳಿ ಹುಡುಗ (ಶನಿವಾರ, ರಾತ್ರಿ 10:03)

ಗೋಡೆ ಹಾರಿ. ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದ್ರಲ್ಲಿ ಮಿಷಿನ್ ಗನ್ನು. ಮಲಗಪ್ಪ.

ನಿವೃತ್ತ ಮೇಷ್ಟ್ರು (ಭಾನುವಾರ, ಬೆಳಿಗ್ಗೆ 6:25)

ತಟ್ಟಿಮನೆ ಎಂದರೆ ಬಿದಿರಿನ ತಟ್ಟಿಯನ್ನೇ ಗೋಡೆ ಮಾಡಿದ ಗುಡಿಸಲು. ಗಣಿ ಕಂಪನಿಗಳು ಕಾರ್ಮಿಕರಿಗೆ ಮೊದಲು ಕಟ್ಟಿಸಿಕೊಟ್ಟದ್ದೇ ಅಂಥವನ್ನು. ಬೇಸಿಗೆಯಲ್ಲಿ ಒಂದಕ್ಕೆ ಬೆಂಕಿ ಬಿದ್ದರೆ ಸಾಲಿಗೆ ಸಾಲೇ ಹೋಗುತ್ತಿತ್ತು. ಆಮೇಲೆ ಕಲ್ಲು, ಇಟ್ಟಿಗೆಯ ಸಾಲುಮನೆಗಳು ಬಂದವು. ಅದಕ್ಕೇ ಎಲ್ಲರೂ “ಲೈನು” ಎನ್ನುವುದು. ಒಂದು ಕೋಣೆ, ಮುಂದೆ ಸಣ್ಣ ಜಗಲಿ. 1956ರಲ್ಲೂ ತಟ್ಟಿಮನೆ ಇತ್ತು ಎಂದು ನಿಮ್ಮ ತಾತನ ಪುಸ್ತಕ ಹೇಳುತ್ತಿದ್ದರೆ ಅದು ಒಳ್ಳೆಯ ದಾಖಲೆ, ಜೋಪಾನವಾಗಿಡಿ. ಬಟವಾಡೆ ಸಂಬಳದ ದಿನವೇ. ಅವತ್ತು ಗೇಟಿನ ಮುಂದೆ ಸಾಲ ಕೊಟ್ಟವರು, ಬಟ್ಟೆ ಮಾರುವವರು, ಹಾಲಿನವರು ಎಲ್ಲರೂ ನಿಂತಿರುತ್ತಿದ್ದರು.

ಸಿನಿಮಾ ನೋಡಿ ಕೇಳಿದವರನ್ನು ಗದರಬೇಡಿ. ಕೆಜಿಎಫ್ ಎಂದರೆ ಬೇಲಿಯೊಳಗಿನ ಬೇರೆಯದೇ ಲೋಕ ಎಂದು ನಮ್ಮ ಜಿಲ್ಲೆಯವರೇ ನಂಬಿದ್ದಾರಲ್ಲ. ಯಾರೋ ಬ್ರಿಟಿಷರು ಬಂದು ಕಾಡಲ್ಲಿ ಚಿನ್ನ ಕಂಡುಹಿಡಿದರು ಎಂದು ನಾನೇ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಆದದ್ದು ಹಾಗಲ್ಲ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಮೈಸೂರಿನ ಗಡಿ ಅಳೆಯಲು ಈ ಕಡೆ ಬಂದ. ಊರ್ಗಾಂ, ಮಾರಿಕುಪ್ಪಂ ಸುತ್ತಿನ ಜನ ಅಷ್ಟು ಹೊತ್ತಿಗಾಗಲೇ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು, ಗುಂಡಿ ತೋಡಿ ಒಳಗಿಂದ ಕಲ್ಲು ಹೊರತಂದು ಕುಟ್ಟಿ ಪುಡಿ ಮಾಡುತ್ತಿದ್ದರು. ಅದನ್ನು ನೋಡಿಯೇ ಅವನು ವರದಿ ಬರೆದದ್ದು. ಅದನ್ನೋದಿದ ಲವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ಬೆಂಗಳೂರಿನ ದಂಡಿನಿಂದ ಇಲ್ಲಿಗೆ ಬಂದು 1875ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ಕೈಯಲ್ಲಿ ದುಡ್ಡಿರಲಿಲ್ಲ, ಹಕ್ಕು ಮಾರಿಕೊಂಡ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈ ಹಾಕಿದ ಮೇಲೆ ಅದಿರಿನ ನಿಜವಾದ ಪಟ್ಟೆ ಸಿಕ್ಕಿದ್ದು. ಊರಿನವರಿಗೆ ಗೊತ್ತಿದ್ದ ಚಿನ್ನ, ಒಟ್ಟಿನಲ್ಲಿ.

ಸರ್ವೇ ನಂಬರ್ (ಭಾನುವಾರ, ಬೆಳಿಗ್ಗೆ 7:50)

ಮೇಷ್ಟ್ರೇ, ಊರಿನವರಿಗೆ ಗೊತ್ತಿತ್ತು ಅನ್ನೋದು ಸರಿ. ಆದ್ರೆ ಕಂಪನಿ ಬಂದ ಮೇಲೆ ಊರಿನವರು ಎಷ್ಟು ಜನ ಕೆಳಗಿಳಿದ್ರು? ಲೈನುಗಳ ತುಂಬ ತಮಿಳು ಮಾತಾಡೋರೇ. ಅದು ನಮ್ಮ ಜಿಲ್ಲೆಯೊಳಗೆ ತಮಿಳರ ಊರು, ಅಷ್ಟೇ. ನಾವು ಹಾಲು ಮಾರಿದ್ವಿ ಅಂತ ಹೆಮ್ಮೆ ಪಡೋದ್ರಲ್ಲಿ ಏನಿದೆ?

ಮಾರಿಕುಪ್ಪಂ ಲೋಕಲ್ (ಭಾನುವಾರ, ಬೆಳಿಗ್ಗೆ 9:15)

ನಾನು ಆ “ತಮಿಳರ ಊರಿನ” ಲೈನಿನವನು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮೂರೂ. ನನ್ನ ಮುತ್ತಜ್ಜ ಉತ್ತರ ಆರ್ಕಾಟಿನಿಂದ ಬಂದವರು. ಅಲ್ಲಿ ಜಮೀನ್ದಾರರ ಹೊಲದಲ್ಲಿ ಜೀತ, ಇಲ್ಲಿ ಕೂಲಿ. ಎರಡೂ ಕಷ್ಟ. ವ್ಯತ್ಯಾಸ ಏನೆಂದರೆ ಇಲ್ಲಿ ಸಂಬಳದ ದಿನ ಒಂದಿತ್ತು. ಚಪ್ಪಲಿ ಹಾಕಿಕೊಂಡು ಬೀದಿಯಲ್ಲಿ ನಡೆದರೆ ಯಾರೂ ಕೇಳುತ್ತಿರಲಿಲ್ಲ. ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ನೂರು ವರ್ಷದ ಹಿಂದೆಯೇ ನಮ್ಮ ಲೈನುಗಳಲ್ಲಿತ್ತು. 1930ರಲ್ಲಿ ಎಲ್ಲರ ಬೆರಳಚ್ಚು ತೆಗೆದುಕೊಳ್ಳುತ್ತೇವೆ ಎಂದು ಕಂಪನಿ ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕಳ್ಳರ ಹಾಗೆ ಬೆರಳೊತ್ತುವುದಿಲ್ಲ ಎಂದು. ಕೂಲಿ ಹೆಚ್ಚಿಸಿ ಎಂದು ಅಲ್ಲ, ಇದನ್ನು ಗಮನಿಸಿ.

ಸರ್ವೇ ನಂಬರ್ ಅವರೇ, ಕೆಳಗೆ ಮರದ ಆಸರೆ ಕೊಡುವ ಕೆಲಸದಲ್ಲಿ ಚಿತ್ತೂರು ಕಡೆಯ ತೆಲುಗಿನವರಿದ್ದರು. ಮಲಬಾರಿನವರಿದ್ದರು, ಆಂಗ್ಲೋ ಇಂಡಿಯನ್ನರಿದ್ದರು, ಕಾವಲಿಗೆ ಪಂಜಾಬಿಗಳಿದ್ದರು, ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಗಣಿಯವರಿದ್ದರು, ಇಟಲಿಯವರೂ ಇದ್ದರು. ಒಂದು ಕಾಲಕ್ಕೆ 30 ಸಾವಿರಕ್ಕೂ ಹೆಚ್ಚು ಜನ ಕೆಲಸ ಮಾಡಿದ ಜಾಗ.

ಹಾಲಿನ ವಿಷಯ. ಪಾಲಾರ್ ದಂಡೆ ಸಾರ್, ಬೇಜಾರು ಮಾಡಿಕೊಳ್ಳಬೇಡಿ. ಹಳ್ಳಿಯಿಂದ ಬರುತ್ತಿದ್ದ ಹಾಲಿನವರ ಬಗ್ಗೆ ನಮ್ಮ ಅಜ್ಜಿ ಒಂದು ಮಾತು ಹೇಳುತ್ತಿದ್ದರು. ಪಾತ್ರೆಯನ್ನು ನೆಲದ ಮೇಲಿಟ್ಟು ನಾವು ಹಿಂದೆ ಸರಿಯಬೇಕು. ಅವರು ನಿಂತೇ ಮೇಲಿಂದ ಹುಯ್ಯಬೇಕು. ಅಳತೆ ಪಾವು ಪಾತ್ರೆಗೆ ತಾಗಬಾರದು. ಹಾಲು ಚೆಲ್ಲಿದರೆ ಲೆಕ್ಕ ನಮ್ಮದು. ಆದರೆ ದುಡ್ಡು ಕೈಯಿಂದ ಕೈಗೆ ಹೋಗುತ್ತಿತ್ತು, ಅದಕ್ಕೆ ಮೈಲಿಗೆ ಇರಲಿಲ್ಲ. ನಿಮ್ಮ ತಾತನೂ ಹಾಗೆ ಮಾಡುತ್ತಿದ್ದರಾ ಎಂದು ಅಮ್ಮನನ್ನು ಕೇಳಿ ನೋಡಿ.

ಪಾಲಾರ್ ದಂಡೆ (ಭಾನುವಾರ, ಮಧ್ಯಾಹ್ನ 1:30)

ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದ್ದು ಹೀಗೆ. ತಾತ ಮೈನ್ಸಿಂದ ಬಂದ ಮೇಲೆ ಹಿತ್ತಿಲಲ್ಲೇ ಸ್ನಾನ ಮಾಡಿ ಒಳಗೆ ಬರ್ತಿದ್ರು. ಕ್ಯಾನಿಗೆ ಹುಣಸೆಹುಳಿ ಹಚ್ಚಿ ತಿಕ್ಕೋದು ಅವಳ ಕೆಲಸ. ಬಟವಾಡೆ ದಿನ ತಂದ ಚಿಲ್ಲರೆ ಮಾತ್ರ ಸೀದಾ ದೇವರ ಗೂಡಿಗೆ ಹೋಗ್ತಿತ್ತು, ಅದನ್ನ ತೊಳೀತಿರಲಿಲ್ಲ. ನೀವು ಹೇಳಿದ್ದು ನಿಜ ಸಾರ್. ಬೇಜಾರಿಲ್ಲ. ಬೇಜಾರಾದ್ರೂ ನನಗೇ ಆಗಬೇಕಾದದ್ದು.

ಕ್ಯಾಸಂಬಳ್ಳಿ ಹುಡುಗ (ಭಾನುವಾರ, ಮಧ್ಯಾಹ್ನ 2:10)

ಇದು ನಮ್ಮನೇಲೂ ಇತ್ತು. ಇತ್ತು ಏನು, ಕೆಲವರ ಮನೇಲಿ ಇನ್ನೂ ಐತೆ, ಹಾಲು ಡೈರಿಗೆ ಹೋಗ್ತದೆ ಅಷ್ಟೇ ವ್ಯತ್ಯಾಸ.

ಇನ್ನೊಂದು ಕೊಂಕು ನನ್ನದು. ಶಿವನಸಮುದ್ರದಿಂದ ಕರೆಂಟು ಮೈನ್ಸಿಗೆ ಬಂದಿದ್ದು 1902ರಲ್ಲಿ. ಹತ್ತಿರಹತ್ತಿರ 147 ಕಿಲೋಮೀಟರ್ ತಂತಿ. ಆವತ್ತಿಗೆ ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದಂತೆ. ಬೆಂಗಳೂರಿನ ಬೀದಿಗೇ ಲೈಟು ಬಂದಿದ್ದು 1905ರಲ್ಲಿ. ನಮ್ಮಜ್ಜಿ ಮದುವೆಯಾಗಿ ಬಂದಾಗ ನಮ್ಮೂರ ದಿಣ್ಣೆ ಮೇಲೆ ನಿಂತ್ರೆ ಮೈನ್ಸಿನ ದೀಪ ಸಾಲಾಗಿ ಕಾಣ್ತಿತ್ತಂತೆ, ಮನೇಲಿ ಸೀಮೆಎಣ್ಣೆ ಬುಡ್ಡಿ. ಹುಡುಗರಿಗೆ ಊಟ ಮಾಡಿಸೋವಾಗ ಚಂದಮಾಮ ಬದಲು ಅದನ್ನೇ ತೋರಿಸ್ತಿದ್ದಳು.

ನೀರೂ ಅಷ್ಟೇ. ಬೇತಮಂಗಲದಲ್ಲಿ ಪಾಲಾರ್ ನೀರು ಹಿಡಿದು, ಶುದ್ಧ ಮಾಡಿ, ಪೈಪಲ್ಲಿ ಮೈನ್ಸಿಗೆ. ಪಾಲಾರ್ ದಂಡೆ ಅಣ್ಣನಿಗೆ ಗೊತ್ತು.

ಪಾಲಾರ್ ದಂಡೆ (ಭಾನುವಾರ, ಮಧ್ಯಾಹ್ನ 2:31)

ಗೊತ್ತು. ಕೆರೆ ನಮ್ದು, ಕೊಳಾಯಿ ಅವರದು ಅಂತ ತಾತ ಹೇಳ್ತಿದ್ರಂತೆ. ಆದ್ರೆ ಆ ನೀರು ಕುಡಿದೋರು ಬರೀ ಬಂಗಲೆ ದೊರೆಗಳಲ್ಲ. ಲೈನಲ್ಲಿ ಒಂದು ನಲ್ಲಿಗೆ ಎಷ್ಟೋ ಮನೆ. ಪುಸ್ತಕದಲ್ಲಿ ಒಂದು ಗಿರಾಕಿ ಗುರುತೇ “ನಲ್ಲಿ ಜಗಳದ ಅಮ್ಮ” ಅಂತ ಇದೆ. ಅರೆಪಾವು.

ಟಿಂಬರ್‌ಮ್ಯಾನ್ ಮಗಳು (ಭಾನುವಾರ, ಸಂಜೆ 6:45)

ಈಗ ನೋಡಿದೆ. ಏರ್ಪಲಾಸು ಏರೋಪ್ಲೇನ್ ಅಲ್ಲಪ್ಪ. ಏರ್‌ಬ್ಲಾಸ್ಟ್. ನಮ್ಮ ಮನೆಯಲ್ಲೂ ಹಾಗೇ ಹೇಳ್ತಿದ್ರು, ಏರ್ಪಲಾಸ್.

ಆಳಕ್ಕೆ ಹೋದ ಹಾಗೆ ಮೇಲಿನ ಭೂಮಿಯ ಭಾರವೆಲ್ಲ ಬಂಡೆಯ ಮೇಲೆ ಕೂತಿರುತ್ತೆ. ಅದಿರು ತೆಗೆದು ಟೊಳ್ಳು ಮಾಡಿದ ಕಡೆ ಉಳಿದ ಬಂಡೆ ಆ ಭಾರ ತಡೀದೆ ಒಂದೇ ಸಲ ಸಿಡಿಯುತ್ತೆ. ಮದ್ದು ಇಟ್ಟಿದ್ದಲ್ಲ, ತಾನಾಗೇ. ಮೊದಲಿನವರು ಒಳಗೆ ಸಿಕ್ಕಿಕೊಂಡ ಗಾಳಿ ಒಡೆಯುತ್ತೆ ಅಂದುಕೊಂಡು ಏರ್‌ಬ್ಲಾಸ್ಟ್ ಅಂದರು. ಆಮೇಲೆ ಬಂಡೆಯೇ ಸಿಡಿಯೋದು ಅಂತ ತಿಳಿದು ರಾಕ್‌ಬರ್ಸ್ಟ್ ಅಂತ ಹೆಸರಾಯ್ತು. ಲೈನಲ್ಲಿ ಮಾತ್ರ ಹಳೇ ಹೆಸರೇ ಉಳೀತು. ಚಾಂಪಿಯನ್ ರೀಫ್ 3 ಕಿಲೋಮೀಟರಿಗಿಂತ ಆಳ. ಅಲ್ಲಿ ಬಂಡೆಯ ಬಿಸಿನೇ 60 ಡಿಗ್ರಿ ದಾಟೋದು, ತಣ್ಣನೆ ಗಾಳಿ ಇಳಿಸೋಕೆ ಮೇಲೆ ದೊಡ್ಡ ಯಂತ್ರಗಳಿದ್ದವು. ಮರದ ಆಸರೆ ಸಾಲದು ಅಂತ ಟೊಳ್ಳಿಗೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿ ತುಂಬಿಸ್ತಿದ್ರು. ಅಪ್ಪ ಟಿಂಬರ್‌ಮ್ಯಾನ್. ಮರ ಮಾತಾಡುತ್ತೆ ಅನ್ನೋರು. ಒತ್ತಡ ಬಿದ್ದಾಗ ಮರ ಮೊದಲು ಕಿರ್ ಅಂತ ಕೂಗುತ್ತೆ, ಓಡೋಕೆ ಅಷ್ಟು ಹೊತ್ತು ಸಿಗುತ್ತೆ. ಕಲ್ಲಿನ ಗೋಡೆ ಏನೂ ಹೇಳಲ್ಲ.

ಮೇಲೆ ನಮಗೆ ಹೇಗೆ ಗೊತ್ತಾಗೋದು ಅಂದ್ರೆ, ಗೂಡಿನಲ್ಲಿ ಸಾಲಾಗಿ ಜೋಡಿಸಿದ್ದ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡೋವು. ನೆಲ ಅಲ್ಲಾಡೋದು ಆಮೇಲೆ ಗಮನಕ್ಕೆ ಬರೋದು, ಮೊದಲು ಲೋಟ. ಅಮ್ಮ ಮಾಡ್ತಿದ್ದ ಕೆಲಸ ಬಿಟ್ಟು ಕೈ ಒರೆಸಿಕೊಂಡು ಬಾಗಿಲಿಗೆ ಬರೋಳು. ಎಲ್ಲಾ ಮನೆ ಬಾಗಿಲಲ್ಲೂ ಹೆಂಗಸರು. ಯಾರೂ ಮಾತಾಡ್ತಿರಲಿಲ್ಲ. ಅಪ್ಪ ಯಾವ ಪಾಳಿ ಅಂತ ಎಲ್ಲರಿಗೂ ಎಲ್ಲರ ಮನೆಯದ್ದೂ ಗೊತ್ತಿರೋದು. ಆಮೇಲೆ ಶಾಫ್ಟ್ ಕಡೆ, ಅಂದ್ರೆ ಗಣಿಗೆ ಇಳಿಯೋ ಬಾಯಿ ಕಡೆ, ನಡೆಯೋದು. ಆಳುಗಳನ್ನ ಇಳಿಸಿ ಹತ್ತಿಸೋ ಕೇಜು ಮೇಲೆ ಬರುತ್ತೆ, ಗಂಟೆ ಬಾರಿಸುತ್ತೆ, ಬಾಗಿಲು ತೆಗೀತಾರೆ, ಮುಖ ನೋಡೋದು. ಇಲ್ಲಾಂದ್ರೆ ಮುಂದಿನ ಕೇಜು.

ನಿಮ್ಮ ತಾತ ಬರೆದ ಬಾವಿ ಪಕ್ಕದ ಮನೆಯ ಯಜಮಾನರು ಅವತ್ತು ಏರ್ಪಲಾಸಲ್ಲಿ ತೀರಿಹೋದರು ಅಂತ ಅರ್ಥ.

ಕ್ಯಾಸಂಬಳ್ಳಿ ಹುಡುಗ (ಭಾನುವಾರ, ಸಂಜೆ 7:02)

ಅಕ್ಕ, ಓದಿ ಮೈ ಜುಮ್ಮಂತು.

ನಿವೃತ್ತ ಮೇಷ್ಟ್ರು (ಭಾನುವಾರ, ರಾತ್ರಿ 8:20)

ತಂಗಿ ಬರೆದದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಬಂಡೆ ಸಿಡಿತದಂಥ ವಿಷಯಗಳನ್ನು ಅಧ್ಯಯನ ಮಾಡಲು ಆಮೇಲೆ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಬಂತು, 1988ರಲ್ಲಿ. ಅಷ್ಟು ಆಳವಾದ ಜಾಗ ಬೇರೆ ಕೆಲಸಕ್ಕೂ ಒದಗಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ಚಾಂಪಿಯನ್ ರೀಫ್‌ನ ಆಳದಲ್ಲಿ ಉಪಕರಣ ಇಟ್ಟು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತನ್ನು 1965ರಲ್ಲಿ ಹಿಡಿದರು. ಜಗತ್ತಿನಲ್ಲಿ ಮೊದಲ ಬಾರಿ ಹಿಡಿದವರ ಸಾಲಿನಲ್ಲಿ ಅವರಿದ್ದಾರೆ. ಮೇಲಿನ ಬಂಡೆಯೆಲ್ಲ ಜರಡಿಯ ಹಾಗೆ ಬೇರೆ ಕಣಗಳನ್ನು ತಡೆಯುತ್ತಿತ್ತು. ಆ ಉಪಕರಣ ಕೆಳಗೆ ಹೋದದ್ದೂ ಕಾರ್ಮಿಕರು ಹೋಗುತ್ತಿದ್ದ ಅದೇ ಶಾಫ್ಟಿನಲ್ಲಿ.

ಪುಸ್ತಕದ ಕಾಲ ಮುಖ್ಯವಾದದ್ದು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ಕಂಪನಿಯಿಂದ ತನ್ನ ಕೈಗೆ ತೆಗೆದುಕೊಂಡಿತು. 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅಂದರೆ ನಿಮ್ಮ ತಾತ ಬಿಳಿಯರ ಕಂಪನಿಯ ಕಾರ್ಮಿಕರಿಗೆ ಹಾಲು ಹಾಕಲು ಶುರುಮಾಡಿ ಸರ್ಕಾರಿ ಕಾರ್ಮಿಕರಿಗೆ ಹಾಕಿ ಮುಗಿಸಿದ್ದಾರೆ. ಲೆಕ್ಕದಲ್ಲಿ ಏನಾದರೂ ವ್ಯತ್ಯಾಸ ಕಾಣುತ್ತದೆಯೇ?

ಪಾಲಾರ್ ದಂಡೆ (ಭಾನುವಾರ, ರಾತ್ರಿ 10:05)

ಸರ್ಕಾರ ಬಂದಿದ್ದು ಪುಸ್ತಕದಲ್ಲಿ ಎಲ್ಲೂ ಕಾಣಲ್ಲ ಮೇಷ್ಟ್ರೇ. ನಯಾಪೈಸೆ ಬಂದಿದ್ದು ಕಾಣುತ್ತೆ. 1957ರ ಏಪ್ರಿಲ್ ಪುಟದ ಅಂಚಿನಲ್ಲಿ ತಾತ ಒಂದು ಬಾಯಿಪಾಠ ಬರೆದುಕೊಂಡಿದ್ದಾರೆ. 4 ಆಣೆಗೆ 25, 8ಕ್ಕೆ 50, 12ಕ್ಕೆ 75. ಅದರ ಮಧ್ಯ 1 ಆಣೆಗೆ 6 ಅಂತ ಬರೆದು ಹೊಡೆದುಹಾಕಿ, ಮತ್ತೆ 6 ಅಂತಲೇ ಬರೆದಿದ್ದಾರೆ. ಕಾಲು ಪೈಸೆ ಎಲ್ಲಿ ಹೋಯ್ತು ಅಂತ ತಲೆ ಕೆಡಿಸ್ಕೊಂಡಿರಬೇಕು.

ಈಗ ಬಾವಿ ಪಕ್ಕದ ಮನೆ. ಅಕ್ಕ ಹೇಳಿದ ಮೇಲೆ ಮತ್ತೆ ಕೂತು ನೋಡಿದೆ. ಏರ್ಪಲಾಸು ಅಂತ ಬರೆದ ಮೇಲೂ ಹಾಲು ನಿಂತಿಲ್ಲ. ಮೇ 1ರಿಂದ ದಿನಾ 1 ಪಾವು ಹಾಗೇ ಇದೆ. ದುಡ್ಡಿನ ಕಾಲಂ ಮಾತ್ರ ಖಾಲಿ. ಮೇ, ಜೂನ್, ಜುಲೈ, ದೀಪಾವಳಿ, ಸಂಕ್ರಾಂತಿ… ಖಾಲಿ. ಕೈ ನಡುಗ್ತು ನೋಡಿ.

ಮಾಸ್ ಹುಡುಗ (ಭಾನುವಾರ, ರಾತ್ರಿ 10:09)

ದೇವರಂಥ ಮನುಷ್ಯ ಗುರು ನಿಮ್ಮ ತಾತ 🙏 ಇದನ್ನ ಸಿನಿಮಾ ಮಾಡಬೇಕು

ಸರ್ವೇ ನಂಬರ್ (ಭಾನುವಾರ, ರಾತ್ರಿ 10:30)

ನಿಧಾನ. ಖಾಲಿ ಕಾಲಂ ಅಂದ್ರೆ ಬಿಟ್ಟಿ ಹಾಲು ಅಂತ ಅರ್ಥ ಅಲ್ಲ. ಕಡ ಅಂತಲೂ ಇರಬಹುದು. ನಮ್ಮ ಕಡೆ ಹಾಲಿನವರು ಯಾರೂ ತಿಂಗಳುಗಟ್ಟಲೆ ಪುಕ್ಕಟೆ ಹಾಕಿದ್ದು ನಾನು ಕೇಳಿಲ್ಲ. ಮುಂದಿನ ವರ್ಷದ ಪುಟ ನೋಡಿದ್ರಾ?

ಕ್ಯಾಸಂಬಳ್ಳಿ ಹುಡುಗ (ಭಾನುವಾರ, ರಾತ್ರಿ 10:34)

ನಿಮ್ಮ ಬಾಯಿಗೆ ಸಕ್ಕರೆ ಹಾಕೋಕೆ ಯಾರ ಕೈಲೂ ಆಗಲ್ಲ ಬಿಡಿ ಸಾರ್.

ಮಾರಿಕುಪ್ಪಂ ಲೋಕಲ್ (ಸೋಮವಾರ, ಬೆಳಿಗ್ಗೆ 6:50)

ಟ್ರೈನಿನಲ್ಲಿ ನಿಂತುಕೊಂಡು ಬರೆಯುತ್ತಿದ್ದೇನೆ. 1894ರಲ್ಲಿ ಈ ಹಳಿ ಹಾಕಿದ್ದು ಗಣಿಗೆ ಸಾಮಾನು ತರಲು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್, ಆಮೇಲೆ ಬಂಗಾರಪೇಟೆ. ನನ್ನ ಅಪ್ಪ ಇದೇ ನಿಲ್ದಾಣಗಳ ಪಕ್ಕದಲ್ಲಿ ಭೂಮಿ ಒಳಗೆ ಹೋಗುತ್ತಿದ್ದರು, ನಾನು ವೈಟ್‌ಫೀಲ್ಡಿಗೆ ಹೋಗುತ್ತೇನೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಆಸ್ಪತ್ರೆ, ಸಾಫ್ಟ್‌ವೇರ್, ಎಲ್ಲರೂ ಇದೇ ಬೋಗಿಯಲ್ಲಿದ್ದಾರೆ. ಇಸ್ಪೀಟು ಶುರುವಾಗಿದೆ.

ಬಾಗಿಲು ಹಾಕಿದ್ದು 2001ರ ಫೆಬ್ರವರಿ 28. ಮೊದಲ ದಿನಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂ ದಾಟುತ್ತಿದ್ದ ಚಿನ್ನ ಕೊನೆಗೆ 3 ಗ್ರಾಂ ಆಸುಪಾಸಿಗೆ ಬಂದಿತ್ತು. ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಹೆಚ್ಚು. ಲೆಕ್ಕ ಸರಿಯೇ. ನಮಗೆ ಮೊದಲು ತಿಳಿದದ್ದು ಲೆಕ್ಕದಿಂದಲ್ಲ, ಸಂಗು ಕೂಗಲಿಲ್ಲ. (ಸೈರನ್‌ಗೆ ನಾವು ಸಂಗು ಎನ್ನುತ್ತೇವೆ, ಶಂಖ.) ಪಾಳಿಗೆ, ಊಟಕ್ಕೆ, ಶಾಲೆಗೆ ಎಲ್ಲದಕ್ಕೂ ಅದೇ ಗಡಿಯಾರ. ಅವತ್ತು ನನ್ನ ಅಜ್ಜಿ ಅನ್ನಕ್ಕೆ ನೀರಿಡುವುದನ್ನೇ ಮರೆತು ಕೂತಿದ್ದರು.

ಪಂಪು ನಿಂತಿತು, ಶಾಫ್ಟುಗಳಲ್ಲಿ ನೀರು ತುಂಬಿತು. ಲೈನಿನಲ್ಲಿ ಇನ್ನೂ ಜನ ಇದ್ದೇವೆ, ಮಳೆ ಬಂದರೆ ಸೋರುತ್ತದೆ. ಸೈನೈಡ್ ದಿಬ್ಬಗಳೂ ಇವೆ. ಅದಿರು ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮಣ್ಣು. ಗಾಳಿ ಎದ್ದ ದಿನ ಒಣಹಾಕಿದ ಬಟ್ಟೆ ಮೇಲೆ, ತಟ್ಟೆಯ ಅನ್ನದ ಮೇಲೆ. ಹೊರಗಿನವರು ಅಲ್ಲಿ ಮದುವೆ ಫೋಟೋ ತೆಗೆಸಿಕೊಳ್ಳುತ್ತಾರೆ. 2024ರಲ್ಲಿ ಆ 13 ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯಲು ಹರಾಜು ಹಾಕುವ ಕೇಂದ್ರದ ಪ್ರಸ್ತಾಪಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಕೆಲಸ ಸಿಗುತ್ತದೆ ಎಂದು ಲೈನಿನ ಮುದುಕರು ಈಗಲೂ ಪೇಪರ್ ನೋಡುತ್ತಾರೆ.

ಕಂಟೋನ್ಮೆಂಟ್‌ವರೆಗೆ ಹೋಗುವವರು ಸೀಟಿಗೆ ಜಗಳ ಮಾಡುತ್ತಿದ್ದಾರೆ. ಮತ್ತೆ ಬರೆಯುತ್ತೇನೆ.

ಟಿಂಬರ್‌ಮ್ಯಾನ್ ಮಗಳು (ಸೋಮವಾರ, ಬೆಳಿಗ್ಗೆ 11:20)

ಸರ್ವೇ ನಂಬರ್ ಅವರ ಮಾತು ನನಗೂ ಸರಿ ಅನ್ನಿಸ್ತು. ಏರ್ಪಲಾಸಲ್ಲಿ ಸತ್ತವರ ಪರಿಹಾರ 1923ರ ಕಾಯ್ದೆ ಪ್ರಕಾರ ಕಮಿಷನರ್ ಹತ್ತಿರ ಠೇವಣಿ ಇಡಬೇಕಿತ್ತು. ಹೆಂಡತಿ ಕೈಗೆ ಬರೋಕೆ ತಿಂಗಳುಗಟ್ಟಲೆ. ಅಲ್ಲಿವರೆಗೂ ಅಂಗಡಿ, ಹಾಲು, ಸೌದೆ ಎಲ್ಲಾ ಕಡ. ಲೈನಲ್ಲಿ ಗಂಡ ಹೋದವಳಿಗೆ ಸಾಲ ಕೊಡೋರು ಇದ್ದರು, ಯಾಕೆಂದ್ರೆ ದುಡ್ಡು ಬರುತ್ತೆ ಅಂತ ಗೊತ್ತು. ಕೆಮ್ಮಿ ಕೆಮ್ಮಿ ಸತ್ತವರ ಮನೆಗೆ ಕೊಡ್ತಿರಲಿಲ್ಲ. ಕಲ್ಲಿನ ಧೂಳು ಎದೆಯಲ್ಲಿ ಕೂತು ಬರೋ ಕಾಯಿಲೆ, ಅಪ್ಪನಿಗೂ ಅದೇ ಆಗಿದ್ದು. ಅದಕ್ಕೆ ಸದ್ದಿಲ್ಲ, ಲೋಟ ಅಲ್ಲಾಡಲ್ಲ, ಕಾಗದಪತ್ರದಲ್ಲಿ ಸಾಬೀತು ಮಾಡೋಕೆ ಅಮ್ಮ ಎಷ್ಟು ಅಲೆದಳೋ ನನಗೆ ಗೊತ್ತು.

ಮುಂದಿನ ಪುಟ ನೋಡಿ ಹೇಳಿಪ್ಪ.

ಪಾಲಾರ್ ದಂಡೆ (ಸೋಮವಾರ, ರಾತ್ರಿ 8:40)

ನೋಡಿದೆ. ಸರ್ವೇ ನಂಬರ್ ಗೆದ್ದರು.

1957ರ ಜೂನ್. “ಬಾವಿ ಪಕ್ಕ. 13 ತಿಂಗಳು. ತಿಂಗಳಿಗೆ 3 ರೂ. 12 ಆಣೆ. ಒಟ್ಟು 48 ರೂ. 12 ಆಣೆ.” ಆಣೆ ಹೊಡೆದುಹಾಕಿ ಮೇಲೆ 75 ನ.ಪೈ. ಅಂತ ತಿದ್ದಿದ್ದಾರೆ. ಪಕ್ಕದಲ್ಲಿ “ಪೂರಾ ಜಮಾ.” ಅದರ ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು, ನೀಲಿ ಶಾಯಿ. ಇಡೀ ಪುಸ್ತಕದಲ್ಲಿ ಹೆಬ್ಬೆಟ್ಟು ಇರೋದು ಅದೊಂದೇ ಕಡೆ. ಆಮೇಲೆ ಆ ಮನೆ ಲೆಕ್ಕದಲ್ಲಿಲ್ಲ.

ಬಿಟ್ಟಿ ಕೊಟ್ಟಿರಲಿಲ್ಲ. ನಿನ್ನೆ ರಾತ್ರಿ ಎಲ್ಲರ ಹತ್ತಿರ ಹೇಳ್ಕೊಂಡು ಬಂದಿದ್ದೆ, ಹೆಂಡ್ತಿ ಹತ್ರಾನೂ.

ಮಾರಿಕುಪ್ಪಂ ಲೋಕಲ್ (ಸೋಮವಾರ, ರಾತ್ರಿ 9:05)

ನನಗೆ ಇದೇ ಇಷ್ಟವಾಯಿತು ಸಾರ್. ಬಿಟ್ಟಿ ತೆಗೆದುಕೊಂಡರೆಂದು ಬರೆದಿದ್ದರೆ ಆ ಅಮ್ಮ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಲೆಕ್ಕ ತೀರಿಸಿ ಹೋಗಿದ್ದಾರೆ. 1930ರಲ್ಲಿ ಕಂಪನಿಗೆ ಕೊಡದ ಬೆರಳು.

ಸರ್ವೇ ನಂಬರ್ (ಸೋಮವಾರ, ರಾತ್ರಿ 9:20)

ಗೆಲ್ಲೋಕೆ ಹೇಳಿದ್ದಲ್ಲ. ದಿನಕ್ಕೆ 2 ಆಣೆ ಹಾಗಾದ್ರೆ. 13 ತಿಂಗಳು ಗ್ಯಾರಂಟಿ ಇಲ್ಲದೆ ಕಡ ಕೊಡೋದೂ ಸಣ್ಣದಲ್ಲ, ಅದನ್ನೂ ಒಪ್ಪಿಕೊಳ್ತೀನಿ.

ಟಿಂಬರ್‌ಮ್ಯಾನ್ ಮಗಳು (ಸೋಮವಾರ, ರಾತ್ರಿ 9:48)

ಎಲ್ಲಾ ತಿಂಗಳಿಗೂ ಒಂದೇ 3 ರೂ. 12 ಆಣೆ ಹಾಕಿದ್ದಾರಾ? ಅಂದ್ರೆ ತಿಂಗಳಿಗೆ 30 ದಿನದ ಲೆಕ್ಕ. 1956ರ ಮೇ 1ರಿಂದ 57ರ ಮೇ 31ರವರೆಗೆ ಎಣಿಸಿದೆ, 396 ದಿನ. ದುಡ್ಡು ತಗೊಂಡಿದ್ದು 390ಕ್ಕೆ. 6 ದಿನದ ಹಾಲು ಬಿಟ್ಟಿದ್ದಾರೆ ನಿಮ್ಮ ತಾತ. 12 ಆಣೆ.

ಪಾಲಾರ್ ದಂಡೆ (ಸೋಮವಾರ, ರಾತ್ರಿ 10:15)

ಅಕ್ಕ, ಇದನ್ನ ಅಮ್ಮನಿಗೆ ಓದಿ ಹೇಳಿದೆ. “ತಿಂಗಳು ಅಂದ್ರೆ ಮೂವತ್ತೇ ಅಲ್ವೇನೋ” ಅಂದು ಮಲಗೋಕೆ ಹೋದ್ಲು.